ಅವ್ವನ ಅಳತೆ

ಮಾರ್ಚ್ 9, ಭಾನುವಾರ. ಊರು

ಪೂಜೆ ಮುಗಿದ ಮೇಲೆ ಫಾದರ್ ಪ್ರಕಟಣೆ ಓದಿದರು. ಮೊದಲು ಪಾಪನಿವೇದನೆಯ ಸಮಯ, ಆಮೇಲೆ ಚರ್ಚಿನ ನೀರಿನ ಪೈಪು, ಆಮೇಲೆ ಅವ್ವ. ಅವ್ವನ ಹೆಸರನ್ನೇನೂ ಓದಲಿಲ್ಲ. “ಶಿಲುಬೆಯ ಎಡಗಡೆಯ ಸಾಲು” ಅಂದರು, ಅಷ್ಟೇ. ಆ ಸಾಲಿನಲ್ಲಿ ನನ್ನ ಅವ್ವ ಇದ್ದಾಳೆ.

ನಮ್ಮ ಸ್ಮಶಾನ ಚಿಕ್ಕದು. ಮೂರು ಕಡೆ ಕಾಡು, ಒಂದು ಕಡೆ ಹಳಿಯಾಳದ ರಸ್ತೆ. ಒಂದಡಿ ಹಿಗ್ಗಿಸಲೂ ಫಾರೆಸ್ಟ್‌ನವರು ಬಿಡುವುದಿಲ್ಲ. ಹಾಗಾಗಿ ಹಳೆಯ ಗೋರಿಗಳನ್ನು ಸರದಿಯ ಮೇಲೆ ತೆರೆದು ಹೊಸಬರಿಗೆ ಜಾಗ ಮಾಡುತ್ತಾರೆ. ಮನೆಯವರು ಪೆಟ್ಟಿಗೆ ತಂದರೆ ಎಲುಬುಗಳನ್ನು ಅದರಲ್ಲಿಟ್ಟು ಗೋಡೆಯ ಬುಡದಲ್ಲಿ ಹೂಳಿ, ಮೇಲೆ ಹೆಸರಿನ ಕಲ್ಲು ಇಡುತ್ತಾರೆ. ತರದಿದ್ದರೆ ಶಿಲುಬೆಯ ಹಿಂದಿನ ದೊಡ್ಡ ಹೊಂಡಕ್ಕೆ, ಎಲ್ಲರ ಜೊತೆ. ನಮ್ಮ ಸಾಲಿಗೆ ಮೇ ಹತ್ತು, ಶನಿವಾರ.

ಮನೆಗೆ ನಡೆಯುತ್ತ ಅಪ್ಪನನ್ನು ಕೇಳಿದೆ, “ಪೆಟ್ಟಿಗಿ ಮಾಡೂಣಲ್ಲಪ್ಪಾ?”

“ಹೊಂಡದಾಗ ನಮ್ಮವ್ವ ಅದಾಳ, ನಮ್ಮಜ್ಜ ಅದಾನ. ಅಗ್ನೆಸ್‌ಗ ಅಲ್ಲೇನ ಬ್ಯಾಸರಾ ಆಗಂಗಿಲ್ಲ.”

“ನೀನ ಮಾಡಬಹುದಲ್ಲಾ? ನಿನ್ನ ಹಂತ್ಯಾಕ ಬಡಗಿ ಸಾಮಾನು ಅದಾವ.”

“ಒಮ್ಮೆ ಮಾಡೇನಿ. ಸಾಕು.”

ಏನು ಮಾಡಿದ್ದ, ಯಾವಾಗ ಮಾಡಿದ್ದ, ಹೇಳಲಿಲ್ಲ. ಹಿಂದೆ ತುಳಜಾ ಚಪ್ಪಲಿ ಕೈಯಲ್ಲಿ ಹಿಡಿದು ಬರುತ್ತಿದ್ದಳು. ಅಪ್ಪನ ಎರಡನೇ ಹೆಂಡತಿ. ಅವಳ ಮುಂದೆ ಅವ್ವನ ವಿಷಯ ಎತ್ತಬಾರದಿತ್ತೇನೋ. ಎತ್ತಿದರೆ ತಪ್ಪು, ಬಿಟ್ಟರೂ ತಪ್ಪು. ನನಗೆ ಮನೆಯಲ್ಲಿ ಬಾಯಿ ತೆರೆದರೆ ಟೆನ್ಶನ್.

ಅವ್ವ ಜ್ವರದಲ್ಲಿ ಹೋದಾಗ ನನಗೆ ಆರು ವರ್ಷ. ಆ ಜೂನ್‌ನಲ್ಲೇ ಸಿಸ್ಟರ್‌ಗಳ ಹಾಸ್ಟೆಲ್ ಸೇರಿಸಿದರು. ಆಮೇಲೆ ಬರೀ ಹಾಸ್ಟೆಲ್‌ಗಳು. ಈಗ ದಾಂಡೇಲಿಯದು, ಬಿ.ಎ. ಫಸ್ಟ್ ಇಯರ್. ಈ ಮನೆಗೆ ನಾನು ರಜೆಗೆ ಬರುವವಳು.

ನೆನಪಿರುವ ಅವ್ವ ಬಹಳ ಎತ್ತರ. ಅವಳ ಸೊಂಟ ನನ್ನ ಮೂಗಿನ ಮಟ್ಟಕ್ಕಿತ್ತು. ಮುಖ ನೋಡಬೇಕಾದರೆ ಕುತ್ತಿಗೆ ಹಿಂದೆ ಬೀಳಿಸಬೇಕಿತ್ತು. ಅಷ್ಟೆತ್ತರದವಳನ್ನು ಹೊಂಡಕ್ಕೆ ಸುರಿಯುತ್ತಾರಂತೆ.

ಪೆಟ್ಟಿಗೆ ನಾನೇ ಮಾಡುತ್ತೇನೆ. ಹೇಗೆ ಅಂತ ಗೊತ್ತಿಲ್ಲ.


ಮಾರ್ಚ್ 11, ಮಂಗಳವಾರ. ದಾಂಡೇಲಿ

ಕ್ಲಾಸ್ ಬಿಟ್ಟ ಮೇಲೆ ಒಂದು ಫರ್ನಿಚರ್ ಅಂಗಡಿಗೆ ಹೋದೆ. ಒಬ್ಬಳೇ ಹೋಗಲು ಹೆದರಿಕೆ, ರೂಮ್‌ಮೇಟ್ ನೀಲಾಳನ್ನು ಎಳೆದುಕೊಂಡು ಹೋದೆ. ನಾನು ಹೇಳುವುದನ್ನು ಅಂಗಡಿಯವ ಪೂರ್ತಿ ಕೇಳಿ ಮಷೀನ್ ಆಫ್ ಮಾಡಿದ.

“ಎಲುಬು ಇಡೂ ಪೆಟ್ಟಿಗಿ? ಏ ಇಲ್ಲವಾ. ಈ ಮಷೀನಿಗೆ ದಿನಾ ಮುಂಜಾನೆ ಊದಿನಕಡ್ಡಿ ಹಚ್ಚತೀವಿ. ಲಗ್ನದ ಮಂಚಾ ಮಾಡೂ ಮಷೀನು ಇದು. ಇದರ ಮ್ಯಾಲ ಅದನ್ನ ಕೊಯ್ಯಂಗಿಲ್ಲ.”

“ಮತ್ತ ಎಲ್ಲಿ ಮಾಡ್ತಾರ್ರಿ?”

“ಕೈಲೇ ಮಾಡ್ಕೋಬೇಕು. ಹಲಸಿನ ಹಲಗಿ ಬೇಕಾದ್ರ ತೊಗೊಂಡ ಹೋಗು. ಅದಕ್ಕ ಯಾವ ಪರ್ಮಿಟ್ಟೂ ಕೇಳಂಗಿಲ್ಲ.”

ಹೊರಗೆ ಬಂದ ಮೇಲೆ ನೀಲಾ ಅಂದಳು, “ಕುಂಬಾರವಾಡದಾಗ ನಮ್ಮನ್ಯಾಗ ದೊಡ್ಡದೊಂದು ಬಿಸ್ಕೀಟ್ ಡಬ್ಬಿ ಐತಿ ನೋಡು.” ಅಂದವಳೇ ನಾಲಿಗೆ ಕಚ್ಚಿಕೊಂಡಳು. ನಾನು ನಕ್ಕೆ. ನಾನು ನಕ್ಕಿದ್ದಕ್ಕೆ ಅವಳು ಅತ್ತಳು. ರಸ್ತೆಯಲ್ಲಿ ನಾನೇ ಅವಳನ್ನು ಸಮಾಧಾನ ಮಾಡಬೇಕಾಯಿತು.


ಮಾರ್ಚ್ 15, ಶನಿವಾರ. ಊರು

ಹಲಗೆಗಳನ್ನು ಬಸ್ಸಿನಲ್ಲಿ ತಂದೆ. ಕಂಡಕ್ಟರ್ ಗೋಣಿಚೀಲ ಎತ್ತಿ ನೋಡಿ, “ಇದೇನವಾ, ಸಾಗವಾನಿ ಏನ?” ಎಂದ.

“ಹಲಸಿಂದ್ರಿ.”

“ಎಲ್ಲಾ ಕಳ್ಳರೂ ಹಂಗ ಅಂತಾರ. ಫಾರೆಸ್ಟ್‌ನವ್ರು ಹತ್ತಿದ್ರ ನಾ ನಿನ್ನ ನೋಡೇ ಇಲ್ಲ, ತಿಳೀತಿಲ್ಲೊ?”

ಬಸ್ಸೆಲ್ಲ ನಕ್ಕಿತು. ದಾರಿಯುದ್ದಕ್ಕೂ ಯಾರಾದರೂ ಹತ್ತುತ್ತಾರೆಂದು ನಾನು ಬೆವರುತ್ತಿದ್ದೆ. ಹಲಸಿಗೆ ಯಾರೂ ಹಿಡಿಯುವುದಿಲ್ಲ ಅಂತ ಗೊತ್ತಿದ್ದೂ ಬೆವರುತ್ತಿದ್ದೆ. ನಾನೇ ಹಾಗೆ.

ಅಪ್ಪ ಹಲಗೆ ನೋಡಿದ. ಗಾರೆ ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದ. ನಾನು ನೀರಿಗೆ ಹೋಗಿ ಬರುವಷ್ಟರಲ್ಲಿ ಅವನ ಸಾಮಾನಿನ ಚೀಲ ಪಡಸಾಲೆಯಲ್ಲಿತ್ತು. ಗರಗಸ, ಉಳಿ, ಮರದ ಕೊಡತಿ, ಹಲಗೆ ಹೆರೆಯುವ ರಂದಾ, ಮೂಲೆಮಟ್ಟ. ತುಳಜಾ ಇಟ್ಟಿರಬೇಕು. ಎಲ್ಲಕ್ಕೂ ತುಕ್ಕು.

ಅಳತೆ ಹೇಗೆಂದು ಫಾದರ್ ಹೇಳಿದ್ದರು. ದೇಹದಲ್ಲಿ ಎಲ್ಲಕ್ಕಿಂತ ಉದ್ದದ್ದು ತೊಡೆಯ ಎಲುಬು. ಅದು ಹಿಡಿದರೆ ಎಲ್ಲವೂ ಹಿಡಿಯುತ್ತದೆ. ಪೆಟ್ಟಿಗೆಗೆ ಉದ್ದ ಅಷ್ಟೇ ಬೇಕು. ನಾನು ಗೋಡೆಗೆ ಒರಗಿ ಕುಳಿತು, ಸೊಂಟದಿಂದ ಮೊಣಕಾಲಿನವರೆಗೆ ಸ್ಕೇಲ್ ಇಟ್ಟು ನನ್ನದನ್ನೇ ಅಳೆದೆ. ಊರಲ್ಲಿ ಎಲ್ಲರೂ “ಥೇಟ್ ನಿಮ್ಮವ್ವ” ಅನ್ನುತ್ತಾರೆ. ಆದರೆ ಅವ್ವ ನನಗಿಂತ ಎತ್ತರ. ಹಾಗಾಗಿ ಮೇಲೆ ಸ್ವಲ್ಪ ಸೇರಿಸಿ ಗೆರೆ ಎಳೆದೆ.

ಅಪ್ಪ ಬಾಗಿಲಲ್ಲಿ ನಿಂತಿದ್ದ. “ದೊಡ್ಡದಾತು.”

“ಇಲ್ಲ.”

“ಆಕಿ ಗಿಡ್ಡಾಕಿ ಇದ್ಲು.”

ನನಗೆ ಸಿಟ್ಟು ಬಂತು. ಗಿಡ್ಡಾಕಿ ತುಳಜಾ! ನನ್ನ ಭುಜಕ್ಕೂ ಬರುವುದಿಲ್ಲ ಅವಳು. ಇಷ್ಟು ವರ್ಷ ಇವಳ ಜೊತೆ ಇದ್ದು ಇದ್ದು ಅಪ್ಪನಿಗೆ ಇವಳ ಅಳತೆಯೇ ಅವ್ವನ ಅಳತೆ ಆಗಿಬಿಟ್ಟಿದೆ. ಮರೆತಿದ್ದಾನೆ. ಮರೆತವನ ಹತ್ತಿರ ಏನು ವಾದ ಮಾಡುವುದು?

ಗೆರೆ ಅಳಿಸಲಿಲ್ಲ.


ಮಾರ್ಚ್ 16, ಭಾನುವಾರ

ಮೊಬೈಲಿನಲ್ಲಿ ನೋಡಿದ ವಿಡಿಯೋದಲ್ಲಿ ಪೆಟ್ಟಿಗೆ ಮಾಡುವವನಿಗೆ ಮೇಜಿದೆ, ಮೇಜಿಗೆ ಹಲಗೆಯನ್ನು ಕಚ್ಚಿ ಹಿಡಿಯುವ ಕಬ್ಬಿಣದ ಬಾಯಿ ಇದೆ. ನನಗೆ ನೆಲ ಇದೆ. ಗರಗಸ ಎಳೆದಾಗ ಹಲಗೆಯೂ ಜೊತೆಗೆ ಬರುತ್ತದೆ, ದೂಡಿದಾಗ ಜೊತೆಗೇ ಹೋಗುತ್ತದೆ. ಗೆರೆ ಒಂದು ಕಡೆ, ಗರಗಸ ಒಂದು ಕಡೆ.

ತುಳಜಾ ಒಲೆಯ ಹತ್ತಿರದಿಂದ ನೋಡುತ್ತಿದ್ದಳು. ಅವಳು ಮುಂಡಗೋಡ ಕಡೆಯ ಹಿಂದೂ ಮನೆಯವಳು. “ನಮ್ಮ ಕಡೆ ಮಣ್ಣು ಕೊಟ್ಟು ಹೊಂಟ ಮ್ಯಾಲ ಹೊಳ್ಳಿ ನೋಡಂಗಿಲ್ಲ” ಅಂದಳು. “ನೀವು ತಗದು ನೋಡ್ತೀರಿ. ಕೇಳಿದ್ರ ಮೈ ಜುಮ್ಮಂತೈತಿ.”

“ನೋಡಬ್ಯಾಡ್ರಿ ಮತ್ತ” ಎಂದೆ. ಒರಟಾಗಿಯೇ ಅಂದೆ.

ಸ್ವಲ್ಪ ಹೊತ್ತಿಗೆ ಬಂದು, ಸೀರೆ ಎತ್ತಿ ಕಟ್ಟಿ, ಹಲಗೆಯ ಮೇಲೆ ಒಂದು ಪಾದ ಇಟ್ಟು ನಿಂತಳು. “ಕೊಯ್ಯಿ. ಹಲಗಿ ಕುಣಿಲಿಕ್ಕೆ ಹತ್ತಿದ್ರ ನಾಳೀತನಾ ಆಗಂಗಿಲ್ಲ.”

ಮುಖ ಬೇರೆ ಕಡೆ ತಿರುಗಿಸಿಕೊಂಡೇ ನಿಂತಿದ್ದಳು. ಹಿಮ್ಮಡಿ ಒಡೆದ, ಅಗಲವಾದ ಪಾದ. ಹಲಗೆ ಅಲುಗಲಿಲ್ಲ. ಗರಗಸ ಹೆಚ್ಚುಕಡಿಮೆ ಗೆರೆಯ ಮೇಲೆಯೇ ಹೋಯಿತು.


ಮಾರ್ಚ್ 24, ಸೋಮವಾರ. ದಾಂಡೇಲಿ

ಹಾಸ್ಟೆಲಿನಲ್ಲಿ ಪ್ರಾಕ್ಟೀಸ್ ಮಾಡೋಣ ಎಂದು ಉಳಿ ತಂದಿದ್ದೆ. ವಾರ್ಡನ್ ಶಾಂತಾದೇವಿ ಮೇಡಂ ಚೆಕಿಂಗ್‌ಗೆ ಬಂದಾಗ ದಿಂಬಿನ ಕೆಳಗೆ ಸಿಕ್ಕಿತು.

“ಇದೇನ ಇದು?”

“ಉಳಿ ಮೇಡಂ.”

“ಅದು ನನಗೂ ಕಾಣಸ್ತದ. ಬಿ.ಎ. ಓದಾಕ ಉಳಿ ಯಾಕ ಬೇಕು? ಯಾರನ್ನ ಕೆತ್ತಾಕಿ ಇದ್ದಿ?”

ಸತ್ಯ ಹೇಳಿದೆ. ಮೇಡಂ ಉಳಿಯನ್ನು ಎರಡು ಬೆರಳಲ್ಲಿ ಹಿಡಿದು ನಿಂತರು. ಆಮೇಲೆ, “ಶನಿವಾರ ಹೋಗೂಮುಂದ ಆಫೀಸಿನಾಗ ಇಸ್ಕೋ” ಅಂದು, ಹೋಗುತ್ತ ಬಾಗಿಲಲ್ಲಿ ತಿರುಗಿ, “ಭಾಳ ಚೂಪ ಮಾಡೀದಿ ಇದನ್ನ, ಕೈ ಜ್ವಾಕಿ” ಎಂದರು.

ನಾನು ಚೂಪು ಮಾಡಿರಲಿಲ್ಲ. ತುಕ್ಕು ಕೂಡ ಇರಲಿಲ್ಲ ಅಂತ ಈಗ ಹೊಳೆಯುತ್ತಿದೆ. ತುಳಜಾ ಕಲ್ಲಿಗೆ ಉಜ್ಜಿರಬೇಕು. ಕುಡುಗೋಲಿನ ಹಾಗೆ.

ಕ್ಲಾಸಿನಲ್ಲಿ ಇವತ್ತೂ ಒಬ್ಬಳು ನನ್ನ ಗುಂಗುರು ಕೂದಲು ಮುಟ್ಟಿ ನೋಡಲಾ ಎಂದಳು. ಇನ್ನೊಬ್ಬಳು ನನ್ನ ಕಪ್ಪು ಮುಖ ನೋಡಿ ಇಂಡಿಯಾಕ್ಕೆ ಯಾವಾಗ ಬಂದೆ ಅಂದಳು. ಹಳಿಯಾಳದ ಬಸ್ಸಿಗೆ ಬಂದೆ ಅಂದೆ.


ಏಪ್ರಿಲ್ 6, ಭಾನುವಾರ. ಊರು

ಹಲಗೆ ಸೀಳಿತು. ಬರೆಯಲು ಮನಸ್ಸಿಲ್ಲ.


ಏಪ್ರಿಲ್ 7, ಸೋಮವಾರ. ದಾಂಡೇಲಿ

ಮೂಲೆಗಳನ್ನು ಮೊಳೆ ಇಲ್ಲದೆ ಕೂಡಿಸಬೇಕೆಂದು ಹಟ ಹಿಡಿದಿದ್ದೆ. ಎರಡೂ ಹಲಗೆಗೆ ಹಲ್ಲು ಕಡಿದು, ಬೆರಳಿಗೆ ಬೆರಳು ಹೆಣೆದ ಹಾಗೆ ಒಂದರೊಳಗೊಂದು ಕೂರಿಸುವುದು. ಮೊಳೆಗೆ ಮಣ್ಣಲ್ಲಿ ತುಕ್ಕು ಹಿಡಿಯುತ್ತದೆ, ಹಲ್ಲಿಗೆ ಹಿಡಿಯುವುದಿಲ್ಲ. ಮೊದಲ ಮೂಲೆಗೇ ಕೊಡತಿಯಿಂದ ಜೋರಾಗಿ ಹೊಡೆದೆ. ಉದ್ದದ ಹಲಗೆ ತುದಿಯಿಂದ ತುದಿಗೆ ಬಾಯಿ ಬಿಟ್ಟಿತು.

ಮುಚ್ಚಳಕ್ಕೆಂದು ಇಟ್ಟಿದ್ದ ಹಲಗೆಯನ್ನು ಅದರ ಜಾಗಕ್ಕೆ ಹಾಕಬೇಕು. ಹಾಗಾದರೆ ಮುಚ್ಚಳ? ನಾನು ಪಡಸಾಲೆಯಲ್ಲಿ ತಲೆ ಹಿಡಿದು ಕುಳಿತಾಗ ತುಳಜಾ ಒಳಗಿನಿಂದ ತನ್ನ ಕೂರುವ ಮಣೆ ತಂದು ಮುಂದಿಟ್ಟಳು. ಮದುವೆಯಲ್ಲಿ ತವರಿನಿಂದ ತಂದದ್ದು. “ಇದನ್ನ ಹಾಕು. ಮತ್ತಿ ಮರದ್ದು, ಹೊಲಸ ಕಟಗಿ ಅಲ್ಲ.”

“ನೀವು ಕುಂತ ಮಣಿ ನಮ್ಮವ್ವನ ಮ್ಯಾಲ ಹಾಕಬೇಕೇನು?” ಎಂದು ಕೂಗಿದೆ. ಹಿತ್ತಲಿಗೂ ಕೇಳಿಸುವ ಹಾಗೆ. ಅವಳು ಒಲೆಯ ಹತ್ತಿರ ಹೋದಳು. ಮಣೆಯನ್ನು ಒಳಗೆ ಒಯ್ಯಲಿಲ್ಲ.

ಇಂಗ್ಲಿಷ್ ಇಂಟರ್ನಲ್ಸ್‌ನಲ್ಲಿ ಒಂದು ಪ್ರಶ್ನೆ ಪೂರ್ತಿ ಬಿಟ್ಟೆ. ಕೈಯಲ್ಲಿ ಗುಳ್ಳೆ ಎದ್ದು ಪೆನ್ನು ಹಿಡಿಯಲಾಗಲಿಲ್ಲ ಎಂದು ಹೇಳಿದರೆ ಯಾರು ನಂಬುತ್ತಾರೆ?


ಏಪ್ರಿಲ್ 18, ಶುಭ ಶುಕ್ರವಾರ. ಊರು

ಶಿಲುಬೆಗೆ ಮೊಳೆ ಹೊಡೆದ ದಿನ, ಇವತ್ತು ಮರ ಮುಟ್ಟುವ ಹಾಗಿಲ್ಲ, ಸುತ್ತಿಗೆ ಎತ್ತುವ ಹಾಗಿಲ್ಲ. ಚರ್ಚಿನಲ್ಲಿ ಗಂಟೆಯೂ ಇಲ್ಲ. ಎಲ್ಲರೂ ಹೊರಟ ಮೇಲೆ ಅಪ್ಪ ಎಡಗಡೆಯ ಸಾಲಿನ ಹತ್ತಿರ ನಿಂತ. ನಾನು ಹತ್ತಿರ ಹೋಗುವಷ್ಟರಲ್ಲಿ ಟೊಪ್ಪಿಗೆ ಹಾಕಿಕೊಂಡು ಬೀಡಿ ಹಚ್ಚಿದ.

ಮನೆಯಲ್ಲಿ ಗಂಜಿ ಕುಡಿಯುತ್ತ ತುಳಜಾ ಮೌಶಿಯನ್ನು ಕೇಳಿದೆ, “ಅಪ್ಪ ಬಡಗಿ ಕೆಲಸಾ ಯಾಕ ಬಿಟ್ಟ?”

“ನಿನಗ ಗೊತ್ತಿಲ್ಲೇನು? ಅಗ್ನೆಸ್‌ಬಾಯೀನ್ನ ಇಟ್ಟ ಪೆಟ್ಟಿಗಿ ಅವರ ಮಾಡಿದ್ದು. ಆಸ್ಪತ್ರಿಯಿಂದ ತಂದ ರಾತ್ರಿ ಮಾಡಕೋತ ಕುಂತಿದ್ರಂತ. ಮುಂಜಾನೆ ಸಾಮಾನೆಲ್ಲಾ ಚೀಲಕ್ಕ ಕಟ್ಟಿ ಅಟ್ಟಕ್ಕ ಒಗದ್ರು. ನಾ ಬಂದ ಮ್ಯಾಲ ಒಮ್ಮೆ ಕಾಲ್ಮಣಿ ಮಾಡಿಕೊಡ್ರಿ ಅಂದೆ. ಎರಡ ದಿನ ನನ್ನ ಕೂಡ ಮಾತಾಡಲಿಲ್ಲ.”

ಒಮ್ಮೆ ಮಾಡೇನಿ ಅಂದದ್ದು ಅದು.

ಆದರೂ ಹೊಂಡಕ್ಕೆ ಹಾಕೋಣ ಅನ್ನಬಾರದಿತ್ತು. ಕಷ್ಟವಾದರೆ ಕಷ್ಟ ಅಂತ ಹೇಳಬೇಕಿತ್ತು. ನನಗೂ ಅಷ್ಟೇ ಕಷ್ಟ ಅಲ್ಲವಾ?


ಏಪ್ರಿಲ್ 27, ಭಾನುವಾರ

ನಾಲ್ಕೂ ಮೂಲೆ ಕೂಡಿದವು!

ಎರಡು ಮೂಲೆ ಚೆನ್ನಾಗಿವೆ. ಒಂದು ಪರವಾಗಿಲ್ಲ. ಒಂದಕ್ಕೆ ಮರದ ಪುಡಿಯನ್ನು ಗೋಂದಿನಲ್ಲಿ ಕಲಸಿ ತುಂಬಿದ್ದೇನೆ. ನನ್ನ ಕಣ್ಣಿಗೆ ಬಲಗಡೆಯ ಮುಂದಿನ ಮೂಲೆ ಎಷ್ಟು ಚಂದ ಎಂದರೆ ಊಟಕ್ಕೆ ಕೂತಾಗಲೂ ಅದು ಕಾಣುವ ಹಾಗೆ ಕೂತೆ. ಹಲ್ಲಿನ ನಡುವೆ ಕೂದಲೂ ಹೋಗುವುದಿಲ್ಲ. ಅಪ್ಪ ಹೋಗುವಾಗ ಬರುವಾಗ ಬೆರಳಿನಿಂದ ಅದನ್ನೇ ಸವರಿ ಹೋದ. ತಪ್ಪು ಹುಡುಕುತ್ತಿದ್ದನೇನೋ.

ನೆಲಕ್ಕಿಟ್ಟರೆ ಮಾತ್ರ ಅಲುಗುತ್ತದೆ. ಮೌಶಿ ಒಂದು ಬೆರಳಿನಿಂದ ಒತ್ತಿ ನೋಡಿ, “ತೊಟ್ಟಿಲಾ ಮಾಡೀಯೇನ?” ಎಂದರು. ಆಮೇಲೆ ಬೆರಳನ್ನು ಬೇಗ ಹಿಂದಕ್ಕೆ ತೆಗೆದುಕೊಂಡರು.

ಮುಚ್ಚಳಕ್ಕೆ ಅವರ ಮಣೆಯನ್ನೇ ಹಾಕಿದೆ. ಬೇರೆ ಮರ ಇರಲಿಲ್ಲ. ಉದ್ದ ಸಾಲಲಿಲ್ಲ, ಒಂದು ತುಂಡು ಕೂಡಿಸಿದೆ. ರಂದಾ ಹೊಡೆದಾಗ ಮೇಲಿನ ಹಳೆಯ ಬಣ್ಣ ಸುರುಳಿ ಸುರುಳಿಯಾಗಿ ಎದ್ದು ಬಂತು. ಅವರು ಸುರುಳಿಗಳನ್ನು ಗುಡಿಸಿ ಒಲೆಗೆ ಹಾಕಿದರು.


ಮೇ 3, ಶನಿವಾರ. ದಾಂಡೇಲಿ

ಪೆಟ್ಟಿಗೆಯ ಚಿಂತೆ ಮುಗಿಯಿತು ಅನ್ನುವಾಗ ಬೇರೆ ಚಿಂತೆ. ನೋಡಬೇಕಾ ನಾನು? ಕಣ್ಣು ಮುಚ್ಚಿಕೊಂಡು ನಿಲ್ಲಬಹುದಾ? ವಾಂತಿ ಬಂದರೆ? ಅವ್ವನನ್ನು ನೋಡಿ ವಾಂತಿ ಮಾಡಿಕೊಂಡ ಮಗಳು ಎಂದು ಊರೆಲ್ಲ ಹೇಳಿದರೆ? ಎತ್ತುವವರು ಅವಳನ್ನು ಬೀಳಿಸಿದರೆ?

ನಿನ್ನೆ ರಾತ್ರಿ ನೀಲಾಗೆ ಹೇಳಿದೆ. “ನೀ ಸಣ್ಣಾಕಿ ಇದ್ದಾಗ ಆಕೀನ ನಿನ್ನ ಉಚ್ಚಿ, ಹೇಲು ಎಲ್ಲಾ ತಗದಾಳ. ಈಗ ನಿನ್ನ ಪಾಳಿ” ಅಂದಳು. ಅವಳ ಮಾತು ಹೀಗೇ. ಆದರೆ ನಿದ್ದೆ ಬಂತು.


ಮೇ 9, ಶುಕ್ರವಾರ. ಊರು

ಸಂಜೆ ಬಂದೆ. ಅಪ್ಪ ಕೆಲಸಕ್ಕೆ ಹೋಗದೆ ಸ್ಮಶಾನದ ಗೋಡೆಯ ಬುಡದಲ್ಲಿ ಗುಂಡಿ ತೋಡಿದ್ದಾನೆ ಎಂದು ಮೌಶಿ ಹೇಳಿದರು. ಖುಷಿಯಾಗಿ ಓಡಿದೆ. ಅವನಾಗಿಯೇ ತೋಡಿದ್ದಾನೆ, ಯಾರೂ ಹೇಳದೆ!

ಗುಂಡಿ ನೋಡಿದೆ. ಕಲ್ಲುಮಣ್ಣಿನ ನೆಲ, ಆದರೂ ಚಾಕುವಿನಲ್ಲಿ ಕೊಯ್ದ ಹಾಗೆ ನೇರ ಅಂಚು. ಆದರೆ ಚಿಕ್ಕದು. ನನ್ನ ಪೆಟ್ಟಿಗೆಯನ್ನು ಓರೆಯಾಗಿಟ್ಟರೂ ಹಿಡಿಯುವುದಿಲ್ಲ.

“ಪೆಟ್ಟಿಗಿ ನೋಡೀದಿ ಅಲ್ಲಾ ನೀ? ಇದರಾಗ ಹೆಂಗ ಕುಂದರತೈತಿ?”

“ಆಕಿಗೆ ಇಷ್ಟ ಸಾಕು.”

“ಆಕಿಗೆ ಅಂದ್ರ ಯಾರಿಗೆ? ನಿನಗ ಆಕಿ ನೆನಪರ ಅದಾಳೇನಪ್ಪಾ?”

ಗುದ್ದಲಿಗೆ ಅಂಟಿದ ಮಣ್ಣನ್ನು ಅಪ್ಪ ಕಲ್ಲಿನಿಂದ ಕೆರೆಯುತ್ತಿದ್ದ. ಕೆರೆದದ್ದನ್ನೇ ಕೆರೆದ. ಆಮೇಲೆ ಗುದ್ದಲಿ ಹೆಗಲಿಗೆ ಹಾಕಿ ನನ್ನ ಪಕ್ಕದಿಂದಲೇ ಹೊರಟುಹೋದ. ರಾತ್ರಿ ಅವನು ಉಣ್ಣಲಿಲ್ಲ. ನಾನೂ ಉಣ್ಣಲಿಲ್ಲ. ಮೌಶಿ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟರು.


ಮೇ 10, ಶನಿವಾರ

ಇವತ್ತೇ ಬರೆಯಬೇಕು. ನಾಳೆಗೆ ನಾನು ಏನಾದರೂ ಸೇರಿಸಿಬಿಡುತ್ತೇನೆ.

ಮೂರು ಮನೆಯವರು ಬಂದಿದ್ದರು. ಫಾದರ್ ಪ್ರಾರ್ಥನೆ ಮಾಡಿ ನೀರು ಚಿಮುಕಿಸಿದರು. ಅಪ್ಪ ಗೋರಿಯೊಳಗೆ ಬೇರೆ ಯಾರನ್ನೂ ಇಳಿಸಲಿಲ್ಲ, ತಾನೇ ಇಳಿದ. ಮೊದಮೊದಲು ಗುದ್ದಲಿ, ಆಮೇಲೆ ಕೈ. ಅವನು ಮಾಡಿದ್ದ ಪೆಟ್ಟಿಗೆ ಮಣ್ಣಾಗಿತ್ತು, ಕಪ್ಪು ಗೆರೆಯೊಂದು ಉಳಿದಿತ್ತು. ನಾನು ಮೇಲೆ ಬಿಳಿ ಬಟ್ಟೆ ಹಾಸಿಕೊಂಡು ಮೊಣಕಾಲೂರಿ ಕುಳಿತಿದ್ದೆ. ಒಂದೊಂದೇ ಒರೆಸಿ ಮೇಲೆ ಕೊಟ್ಟ. ಚಹಾದ ಬಣ್ಣ. ನಾನು ಅಂದುಕೊಂಡ ಹಾಗೆ ವಾಂತಿ ಬರಲಿಲ್ಲ. ಕೂದಲು ಸಿಕ್ಕಿತು, ಒಂದು ಹಿಡಿ. ನನ್ನದೇ ಗುಂಗುರು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಎಡಗೈಯಲ್ಲೇ ಹಿಡಿದುಕೊಂಡೆ.

ಆಮೇಲೆ ಅವನೊಂದು ಉದ್ದದ್ದು ಕೊಟ್ಟ. ಪೆಟ್ಟಿಗೆಯಲ್ಲಿಟ್ಟೆ. ಒಂದು ತುದಿಗೆ ಮುಟ್ಟಿಸಿದರೆ ಇನ್ನೊಂದು ತುದಿಯಲ್ಲಿ ನನ್ನ ಇಡೀ ಅಂಗೈ ಹಿಡಿಯುವಷ್ಟು ಖಾಲಿ.

“ಇದು ತೋಳಿಂದು” ಎಂದೆ.

“ತೊಡೀದವಾ.”

“ಅಲ್ಲ. ತೋಳಿಂದು.”

ಅಪ್ಪ ಕೆಳಗಿನಿಂದ ನನ್ನನ್ನೇ ನೋಡಿದ. ಮೈಯೆಲ್ಲ ಮಣ್ಣು. ಇನ್ನೊಂದನ್ನೂ ಕೊಟ್ಟ. ಅದೂ ಅಷ್ಟೇ ಇತ್ತು. ತೋಳಿನವು ಬೇರೆ ಬಂದವು, ಇನ್ನೂ ಚಿಕ್ಕವು. ಇಷ್ಟು ತೋಳಲ್ಲಿ ಎತ್ತಿಕೊಂಡಿದ್ದಳಾ ನನ್ನನ್ನು? ತಲೆಯನ್ನು ಅವನು ಎರಡೂ ಕೈಯಲ್ಲಿ ಎತ್ತಿ ಕೊಟ್ಟ, ಹಾಲು ತುಂಬಿದ ಪಾತ್ರೆ ಕೊಡುವ ಹಾಗೆ. ಅದು ನನ್ನ ಎರಡು ಅಂಗೈಯಲ್ಲಿ ಕೂತಿತು.

ಎಲ್ಲ ಇಟ್ಟ ಮೇಲೆ ನಾನೂ ಮೌಶಿಯೂ ಪೆಟ್ಟಿಗೆಯನ್ನು ಎತ್ತಿದೆವು. ಅವ್ವ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಾರಿದಳು. ಆ ಸದ್ದು. ಮರಕ್ಕೆ ತಾಗಿದ ಸದ್ದು. ನಾನು ಅಲ್ಲೇ ನಿಂತೆ. ಒಂದು ಹೆಜ್ಜೆ ಇಟ್ಟರೆ ಮತ್ತೆ ಬರುತ್ತದೆ ಆ ಸದ್ದು. ಕೆಳಗಿಟ್ಟುಬಿಟ್ಟೆ.

ಅಪ್ಪ ಗೋಡೆಯ ಬುಡದ ಗುಂಡಿಗೆ ಹೋಗಿ ಗುದ್ದಲಿ ಎತ್ತಿದ. “ದೊಡ್ಡದ ಮಾಡತೀನಿ ತಡಿ. ಈಗ ಆತು. ಪೆಟ್ಟಿಗಿ ಚಲೋ ಆಗೇತಿ, ನೀ ಅಳಬ್ಯಾಡ.”

ನಾನು ಅಳುತ್ತಿದ್ದೇನೆ ಎಂದು ಅವನು ಹೇಳಿದ ಮೇಲೆ ಗೊತ್ತಾಯಿತು.

“ಬ್ಯಾಡಪ್ಪಾ. ಗುಂಡಿ ಬರೋಬರಿ ಐತಿ. ಗರಗಸ ತರ್ರಿ ಯಾರರ.”

ಮೌಶಿ ಓಡಿದರು. ಫಾದರ್ ಗಡಿಯಾರ ನೋಡಿ, ನೋಡಿದ್ದು ತಪ್ಪಾಯಿತೆಂಬಂತೆ ಅಂಗಿಯ ತೋಳಿನಿಂದ ಅದನ್ನು ಮುಚ್ಚಿಕೊಂಡು ಮರದ ಕೆಳಗೆ ಹೋಗಿ ಕುಳಿತರು. ನಾನು ಒಂದೊಂದನ್ನೇ ಮತ್ತೆ ಬಟ್ಟೆಯ ಮೇಲೆ ತೆಗೆದಿಟ್ಟೆ. ಉದ್ದದ್ದನ್ನು ಪೆಟ್ಟಿಗೆಯ ಪಕ್ಕಕ್ಕೆ ಹಿಡಿದು ಉಗುರಿನಿಂದ ಗೆರೆ ಕೊರೆದೆ. ಸ್ಕೇಲ್ ಬೇಕಾಗಲಿಲ್ಲ.

ಕೊಯ್ಯಬೇಕಾದ ಕಡೆ ಬಲಗಡೆಯ ಮುಂದಿನ ಮೂಲೆ ಇತ್ತು. ಆ ಚಂದದ ಮೂಲೆ. ಆ ಕಡೆ ಬೇಡ, ಇನ್ನೊಂದು ತುದಿ ಕೊಯ್ಯೋಣ ಅಂತ ಅಪ್ಪ ಅಂದ. ಆದರೆ ಮುಚ್ಚಳಕ್ಕೆ ಕೂಡಿಸಿದ ತುಂಡು ಈ ತುದಿಯಲ್ಲೇ ಇದೆ, ಆ ಕಡೆ ಕೊಯ್ದರೆ ಮೌಶಿಯ ಮಣೆಯನ್ನೂ ಕೊಯ್ಯಬೇಕಾಗುತ್ತದೆ. “ಇದನ್ನ ಕೊಯ್ಯೂಣ” ಎಂದೆ. ಮೌಶಿ ಸೀರೆ ಎತ್ತಿ ಕಟ್ಟಿ ಪೆಟ್ಟಿಗೆಯ ಮೇಲೆ ಪಾದ ಇಟ್ಟರು. ಈ ಸಲ ಮುಖ ತಿರುಗಿಸಲಿಲ್ಲ. ಎಲುಬುಗಳ ಕಡೆಗೇ ನೋಡುತ್ತಿದ್ದರು. “ಸಣ್ಣ ಹುಡುಗಿ” ಅಂದರು, ಯಾರಿಗೋ. ಅರ್ಧ ನಾನು ಕೊಯ್ದೆ. ಕೈ ಸೋತಾಗ ಅಪ್ಪ ಗರಗಸ ಇಸಿದುಕೊಂಡ. ಅವನು ಕೊಯ್ಯುವುದನ್ನು ನಾನು ನೋಡಿಯೇ ಇರಲಿಲ್ಲ. ಗರಗಸಕ್ಕೆ ಅವನು ಭಾರವನ್ನೇ ಹಾಕುವುದಿಲ್ಲ.

ಕೊಯ್ದು ಬಿದ್ದ ತುಂಡಿನ ಹಲಗೆಯನ್ನೇ ಅಪ್ಪ ತುದಿಗೆ ಹಿಡಿದು ಮೊಳೆ ಹೊಡೆದ. ಮೊಳೆ ಅವನ ಜೇಬಿನಲ್ಲೇ ಇದ್ದವು. ಮನೆಯಿಂದಲೇ ತಂದಿದ್ದ. ಮುಚ್ಚಳದ ಕೂಡಿಸಿದ ತುಂಡನ್ನು ಕಳಚಿದೆವು. ಎಲ್ಲವನ್ನೂ ಮತ್ತೆ ಇಟ್ಟೆ. ಕೂದಲನ್ನು ತಲೆಯ ಹತ್ತಿರ. ಎತ್ತಿದಾಗ ಸದ್ದಾಗಲಿಲ್ಲ.

ಗುಂಡಿಯಲ್ಲಿ ಸುತ್ತ ಎರಡು ಬೆರಳು ಜಾಗ ಬಿಟ್ಟು ಕೂತಿತು.

ಹೊರಗೆ ಬರುವಾಗ ಅಪ್ಪನನ್ನು ಕೇಳಿದೆ, ಅವ್ವನಿಗೆ ಎಷ್ಟು ವಯಸ್ಸಾಗಿತ್ತು ಎಂದು. ಇಷ್ಟು ವರ್ಷದಲ್ಲಿ ನಾನು ಕೇಳಿಯೇ ಇರಲಿಲ್ಲ. ಅವ್ವನಿಗೆ ವಯಸ್ಸು ಇರುತ್ತದೆ ಎಂದೇ ಅನಿಸಿರಲಿಲ್ಲ.

“ಇಪ್ಪತ್ನಾಕ ತುಂಬಿರಲಿಲ್ಲ” ಎಂದ. “ನೀ ಹುಟ್ಟಿದಾಗ ಈಗಿನ ನಿನಗಿಂತಾ ಸಣ್ಣಾಕಿ ಇದ್ಲು.”


ಮೇ 12, ಸೋಮವಾರ. ದಾಂಡೇಲಿ

ಬೆಳಿಗ್ಗೆ ಅಪ್ಪ ಹಳಿಯಾಳ ಬಸ್‌ಸ್ಟ್ಯಾಂಡಿನವರೆಗೆ ಬಂದ. ಯಾವತ್ತೂ ಬರುತ್ತಿರಲಿಲ್ಲ. ಮೌಶಿ ಕಟ್ಟಿಕೊಟ್ಟ ರೊಟ್ಟಿಯ ಗಂಟು ಅವನ ಕೈಯಲ್ಲೇ ಇತ್ತು. ದಾಂಡೇಲಿ ಬಸ್ಸಿನ ಡ್ರೈವರ್ ಚಹಾ ಕುಡಿಯುತ್ತಿದ್ದ. ನಾವಿಬ್ಬರೂ ಬಸ್ಸಿನ ನೆರಳಲ್ಲಿ ನಿಂತಿದ್ದೆವು.

“ಅಪ್ಪಾ, ಅವ್ವ ನಿಂತ್ರ ಎಷ್ಟ ಇದ್ಲು?”

ಅಪ್ಪ ಯೋಚಿಸಲಿಲ್ಲ. ಗಂಟನ್ನು ಎಡಗೈಗೆ ತೆಗೆದುಕೊಂಡು ಬಲಗೈಯನ್ನು ಎತ್ತಿದ. ಅಂಗೈ ಕೆಳಗೆ ಮಾಡಿ, ಶರ್ಟಿನ ಎದೆಯ ಗುಂಡಿಯ ಮಟ್ಟಕ್ಕೆ ಗಾಳಿಯಲ್ಲಿ ಹಿಡಿದ. ಅದು ಅಲ್ಲೇ ನಿಂತಿತು. ಒಂದು ಕೂದಲಿನಷ್ಟೂ ಮೇಲೆ ಕೆಳಗೆ ಆಗಲಿಲ್ಲ.

ನಾನು ಬ್ಯಾಗ್ ಕೆಳಗಿಟ್ಟು ಹತ್ತಿರ ಹೋದೆ. ಮೊಣಕಾಲು ಬಗ್ಗಿಸಿದೆ. ಸಾಲಲಿಲ್ಲ, ಇನ್ನೂ ಬಗ್ಗಿಸಿದೆ. ನೆತ್ತಿಗೆ ಅವನ ಅಂಗೈ ತಾಗಿತು. ಅಲ್ಲಿಂದ ನೋಡಿದರೆ ಅಪ್ಪ ಬಹಳ ಎತ್ತರ ಕಾಣುತ್ತಾನೆ. ಅವನ ಶರ್ಟಿನ ಗುಂಡಿ, ಗದ್ದದ ಕೆಳಗೆ ಕ್ಷೌರದಲ್ಲಿ ಬಿಟ್ಟುಹೋದ ಬಿಳಿ ಕೂದಲು. ಅವಳಿಗೆ ದಿನಾ ಇದೇ ಕಾಣುತ್ತಿತ್ತು.

ಕಡಲೆ ಮಾರುವವಳು ನಮ್ಮನ್ನೇ ನೋಡುತ್ತಿದ್ದಳು. ಡ್ರೈವರ್ ಹತ್ತಿ ಹಾರ್ನ್ ಹೊಡೆದ. ತೊಡೆ ಉರಿಯತೊಡಗಿತು. ನಾನು ಏಳಲಿಲ್ಲ, ಅಪ್ಪ ಕೈ ತೆಗೆಯಲಿಲ್ಲ.